ಇಬ್ಬನಿಗೆ ಟೊಮೆಟೊ ಎಲೆ ಕಪ್ಪಾಗುತ್ತಿದೆ, ಏನು ಮಾಡಲಿ?

ಚಿಂತಾಮಣಿ ಹತ್ತಿರ ನಮ್ಮೂರು. ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಹಿತ್ತಲಿನ ಟೊಮೆಟೊ ಎಲೆ ಅಂಚಲ್ಲಿ ನೀರು ಹೀರಿದಂಥ ಕಂದು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು. ಹಿಮಕ್ಕೆ ಸುಟ್ಟಿದೆ ಅಂತಾರೆ ಪಕ್ಕದವರು. ಹೌದಾ?

ಉತ್ತರ: ನಮ್ಮ ಕಡೆ ಹಿಮ ಎಲ್ಲಿ ಬೀಳುತ್ತದೆ ಸಾರ್? ಅದಕ್ಕೆ ಎಲೆ ಮೇಲೆ 0 ಡಿಗ್ರಿಗೆ ಇಳಿಯಬೇಕು. ಇದು ಅಂಗಮಾರಿ, ಎಲೆ ಕೊಳೆಸೋ ರೋಗ. 15–20 ಡಿಗ್ರಿ ತಂಪು, ಹೊತ್ತೇರಿದರೂ ಆರದ ಇಬ್ಬನಿ ಇದ್ದರೆ ಅದಕ್ಕೆ ಹಬ್ಬ. ಮಚ್ಚೆ ಬಿದ್ದ ಎಲೆ ಕಿತ್ತು ದೂರ ಹಾಕಿ, ತಿಪ್ಪೆಗೆ ಬೇಡ. ಸಂಜೆ ನೀರು ಬಿಡಬೇಡಿ, ಬೆಳಿಗ್ಗೆನೇ ಬುಡಕ್ಕೆ ಮಾತ್ರ ಕೊಡಿ. ಚೆನ್ನಾಗಿರೋ ಗಿಡಗಳಿಗೆ ಶೇ 1ರ ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣ ನೀರಲ್ಲಿ ಬೆರೆಸಿದ್ದು) ಹೊಡೀರಿ.

ಉತ್ತರ: ಪಕ್ಕದಲ್ಲಿ ಆಲೂಗಡ್ಡೆ ಇದ್ದರೆ ಅದನ್ನೂ ನೋಡ್ಕೊಳ್ಳಿ, ಇದೇ ರೋಗ ಹತ್ತುತ್ತದೆ.

ಉತ್ತರ: ಇದೇ ಇಬ್ಬನಿಗೆ ಅವರೆಕಾಯಿಗೆ ಸೊಗಡು ಬರೋದು ಅಂತಾರೆ ನಮ್ಮಮ್ಮ. ಅವರೆ ಹಾಕಿದ್ದೀರಾ ಇಲ್ವಾ?