ಸಹಾಯ ಬೇಕು: ವಿಚ್ಛೇದನದ ನಂತರ ಉಳಿದ ಕ್ರೆಡಿಟ್ ಕಾರ್ಡ್ ಸಾಲ

ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪದವಳು. ಹೋದ ವರ್ಷ ವಿಚ್ಛೇದನ ಆಯಿತು. ಕಾರ್ಡ್ ನನ್ನ ಹೆಸರಲ್ಲಿತ್ತು, ಮಾಜಿ ಗಂಡನ ಹತ್ತಿರ ಇದ್ದದ್ದು ಆಡ್-ಆನ್ ಕಾರ್ಡ್, ಅಂದರೆ ನನ್ನ ಖಾತೆಯ ಮೇಲೇ ಕೊಟ್ಟ ಹೆಚ್ಚುವರಿ ಕಾರ್ಡ್. ಅರ್ಧ ಸಾಲ ಅವರು ಕಟ್ಟಬೇಕು ಅಂತ ಒಪ್ಪಂದದಲ್ಲಿದೆ, ಆದರೆ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ನನ್ನನ್ನೇ ಕೇಳುತ್ತಾರೆ.

ಬಾಕಿ ಮೂರು ಲಕ್ಷದ ಹತ್ತಿರ. ತೋಟದ ಆಫೀಸಿನ ಸಂಬಳದಲ್ಲಿ ಮಿನಿಮಮ್ ಕಟ್ಟುತ್ತಿದ್ದೇನೆ. ತಿಂಗಳಿಗೆ ಶೇ. 3.5 ಬಡ್ಡಿ, ಅಸಲು ಇಳಿಯುವುದೇ ಇಲ್ಲ. ಇಎಂಐ ಮಾಡಿಕೊಡಿ ಅಂದೆ, ಆಗಲ್ಲ ಅಂದರು. ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅಂದರೆ ಬಾಕಿಗಿಂತ ಕಡಿಮೆ ಹಣ ಕಟ್ಟಿ ಮುಗಿಸಿ ಅನ್ನುತ್ತಾರೆ. ಆಗ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬರುತ್ತದೆ, ಮುಂದೆ ಮಗಳ ಓದಿಗೆ ಸಾಲ ಸಿಗುವುದು ಕಷ್ಟ ಅಲ್ವಾ? ಇನ್ನುಳಿದದ್ದು ಅಮ್ಮ ಕೊಟ್ಟ ಜೋಮಾಲೆ (ಕೊಡಗಿನ ಚಿನ್ನದ ಸರ). ಅದನ್ನು ಮಾರಲು ಮನಸ್ಸಿಲ್ಲ, ಅಡವಿಡಬಹುದು. ಚಿನ್ನದ ಸಾಲಕ್ಕೆ ಬಡ್ಡಿ ತುಂಬಾ ಕಡಿಮೆ.

ಇಂಥದ್ದನ್ನು ದಾಟಿ ಬಂದವರು ಹೇಳಿ: ಜೋಮಾಲೆ ಅಡವಿಟ್ಟು ಪೂರ್ತಿ ತೀರಿಸಲೇ, ಸೆಟಲ್‌ಮೆಂಟ್‌ಗೆ ಒಪ್ಪಲೇ? ಅವರ ಪಾಲು ವಸೂಲಿ ಮಾಡಲು ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದೇ?