ಮುಂಬೈ ಒಳಗೆ ಸಿಕ್ಕಿಹಾಕಿಕೊಳ್ಳದೆ ಬೈಕ್ ವಿದೇಶಕ್ಕೆ: ಕ್ಲಿಯರಿಂಗ್ ಏಜೆಂಟರನ್ನು ಕೇಳಿ

ಅಡ್ಮಿನ್: ನ್ಹಾವಾ ಶೇವಾ ಬಂದರಿನಲ್ಲಿ ಕ್ಲಿಯರಿಂಗ್, ಅಂದರೆ ಸರಕಿನ ಕಸ್ಟಮ್ಸ್ ಕಾಗದದ ಕೆಲಸ ಮಾಡೋ ನಮ್ಮ ಸದಸ್ಯರೊಬ್ಬರು ಇವತ್ತು ಸಂಜೆಯಿಂದ ಉತ್ತರ ಕೊಡ್ತಾರೆ. ಹೆಸರು ಬೇಡ ಅಂದಿದ್ದಾರೆ, ‘ಏಜೆಂಟ್’ ಅಂತಲೇ ಇರಲಿ. ಪುಣೆ, ಮುಂಬೈ, ಗೋವಾದಿಂದ ಬೈಕ್ ಹೊರದೇಶಕ್ಕೆ ಒಯ್ಯೋ ದಾರಿ, ಕಾಗದ, ಪ್ಯಾಕಿಂಗ್ ಬಗ್ಗೆ ಮಾತ್ರ ಕೇಳಿ. ಮೇಲಿನದು ಓದಿ ಆಮೇಲೆ ಕೇಳಿ.

ವಾಕಡ್‌ವಾಸಿ: ನಮಸ್ಕಾರ ಸರ್. ದುಬೈಗೆ ಕಂಟೇನರ್‌ನಲ್ಲಿ ಬೈಕ್ ಕಳಿಸಬೇಕು. ವಾಕಡ್‌ನಿಂದ ಓಡಿಸಿಕೊಂಡೇ ಬರ್ತೀನಿ. ಮುಂಬೈ ಒಳಗೆ ಹೋಗಲೇಬೇಕಾ?

ಏಜೆಂಟ್: ಬೇಡ. ಬಂದರು ಇರೋದು ಕೊಲ್ಲಿಯ ಈಚೆ ದಡದಲ್ಲಿ, ಉರಣ್ ಕಡೆ. ಮ್ಯಾಪಿನಲ್ಲಿ ಕಾರಿನ ಚಿತ್ರ ಬಿಟ್ಟು ಬೈಕಿನ ಚಿತ್ರ ಒತ್ತಿ. ಎಕ್ಸ್‌ಪ್ರೆಸ್‌ವೇನಲ್ಲಿ ಬೈಕ್ ಬಿಡೋದಿಲ್ಲ, ಆದರೆ ಬೈಪಾಸ್ ಹಿಡಿದು ಬಂದವರನ್ನು ಕಿವಳೆ ಹತ್ತಿರ ರಸ್ತೆ ತಾನಾಗೇ ಅದರೊಳಗೆ ಎಳ್ಕೊಳ್ಳುತ್ತೆ. ಅಲ್ಲಿ ದೇಹೂ ರೋಡ್ ಬೋರ್ಡ್ ನೋಡಿ ಹೊರಬೀಳಿ. ತಳೇಗಾಂವ್, ಲೋಣಾವಳಾ, ಖಂಡಾಳಾ, ಹಳೇ ಹೈವೇ. ಘಾಟಿನಲ್ಲಿ ಖೋಪೋಲಿ ಬೋರ್ಡ್ ತಪ್ಪಿಸಬೇಡಿ, ಶಿಂಗ್ರೋಬಾ ಗುಡಿ ಇರೋ ಹಳೇ ದಾರಿ. ಇಳಿಜಾರು ಕಡಿದು, ಎರಡನೇ ಗೇರಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಸಾಮಾನು ಹೇರಿಕೊಂಡು ಹಿಂದಿನ ಬ್ರೇಕ್ ಒತ್ತಿ ಹಿಡಿದೇ ಇಳಿದರೆ ಅರ್ಧ ದಾರಿಗೇ ಡಿಸ್ಕ್ ಕಾದು ಪೆಡಲ್ ಮೆತ್ತಗಾಗುತ್ತೆ.

ಖೋಪೋಲಿ, ಚೌಕ್, ಆಮೇಲೆ ಪಳಸ್ಪೆ ಫಾಟಾ. ನಮ್ಮ ಕಾರವಾರ, ಮಂಗಳೂರಿಗೆ ಹೋಗೋ ಹೆದ್ದಾರಿ 66 ಶುರುವಾಗೋದೂ ಅಲ್ಲೇ. ನೀವು ಹಿಡಿಯಬೇಕಾದ್ದು ಜೆಎನ್‌ಪಿಟಿ ರಸ್ತೆ, ಅಂದರೆ ಈ ಬಂದರಿನ ರಸ್ತೆ, ಹೆದ್ದಾರಿ 348. ಅದು ಪೂರ್ತಿ ಟ್ರೇಲರ್‌ಗಳ ರಾಜ್ಯ. 40 ಅಡಿ ಟ್ರೇಲರ್ ಎಡಕ್ಕೆ ತಿರುಗೋ ಮೊದಲು ಮೂತಿಯನ್ನು ಬಲಕ್ಕೆ ಎಳ್ಕೊಳ್ಳುತ್ತೆ. ಎಡಗಡೆ ಜಾಗ ಬಿಟ್ಟ ಅಂತ ನುಗ್ಗಬೇಡಿ. ಹಿಂದಿನ ಚಕ್ರಗಳು ಆ ಜಾಗದ ಮೇಲೇ ಬರ್ತವೆ. ಇನ್ನೊಂದು: ನೀವು ಹೋಗಬೇಕಾದ್ದು ಬಂದರಿನ ಗೇಟಿಗಲ್ಲ, ನಿಮ್ಮ ಏಜೆಂಟ್ ಹೇಳಿದ ಸಿಎಫ್‌ಎಸ್‌ಗೆ, ಅಂದರೆ ಕಂಟೇನರ್ ತುಂಬೋ ಯಾರ್ಡಿಗೆ. ಅಲ್ಲಿ ಇಂಥವು ಬೇಕಾದಷ್ಟಿವೆ, ಲೊಕೇಶನ್ ಮೊದಲೇ ಕಳಿಸಿಕೊಳ್ಳಿ.

ಮುಂಬೈ ಒಳಗೆ ನಿಮಗಿರೋ ಕೆಲಸ ಕಾರ್ನೆಟ್ ಒಂದೇ, ಅಂದರೆ ಗಾಡಿ ವಾಪಸ್ ತರ್ತೀವಿ ಅಂತ ಠೇವಣಿ ಇಟ್ಟು ಪಡೆಯೋ ಕಸ್ಟಮ್ಸ್ ಪುಸ್ತಕ, ಚರ್ಚ್‌ಗೇಟ್‌ನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಶನ್‌ನಲ್ಲಿ. ಅದಕ್ಕೆ ಬೈಕ್ ತರಬೇಡಿ. ಪನ್ವೇಲ್‌ನಲ್ಲಿ ನಿಲ್ಲಿಸಿ ಲೋಕಲ್ ಹತ್ತಿ.

ಡೊಂಬಿವಲಿ ಬುಲೆಟ್: ಕೊಲ್ಲಿ ದಾಟೋ ಅಟಲ್ ಸೇತುವೆ ಮೇಲೆ ಬೈಕ್ ಬಿಡ್ತಾರಾ ಸರ್?

ಏಜೆಂಟ್: ಇಲ್ಲ. ಬಾಂದ್ರಾ–ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್ ಮೇಲೂ ಇಲ್ಲ.

ಬಾನೇರ್ ಬೆಳಗಾವ್ಕರ: ನಮಸ್ಕಾರ್ರಿ. ನಾವು ಮೂರು ಮಂದಿ ನೇಪಾಳಕ್ಕ ಹೊಂಟೇವಿ. ಮುಂಬೈ ಮ್ಯಾಲೆ ಗುಜರಾತ್ ಹಿಡಿದು ದಿಲ್ಲಿಗೆ ಹೋಗೂದು ಚಲೋ ಏನ್ರಿ, ಇಲ್ಲಾ ಇಂದೋರ್ ಮ್ಯಾಲೆ?

ಏಜೆಂಟ್: ನೇಪಾಳಕ್ಕೆ ಮುಂಬೈ ಯಾಕ್ರೀ? ಅಹಿಲ್ಯಾನಗರ, ಶಿರ್ಡಿ, ಮನ್ಮಾಡ್, ಮಾಲೇಗಾಂವ್, ಧುಳೆ, ಸೇಂಧ್ವಾ, ಇಂದೋರ್. ಸೇಂಧ್ವಾ ಮುಂಚೆ ಬಿಜಾಸನ್ ಘಾಟ್ ಹಗಲಲ್ಲೇ ದಾಟಿ, ಲಾರಿಗಳ ಬ್ರೇಕ್ ಫೇಲ್ ಆಗೋ ಜಾಗ. ಮುಂದೆ ಗುನಾ, ಶಿವಪುರಿ, ಝಾನ್ಸಿ, ಕಾನ್ಪುರ, ಲಖನೌ, ಗೋರಖ್‌ಪುರ, ಸುನೌಲಿ. ಸಮೃದ್ಧಿ ಹೆದ್ದಾರಿಯಲ್ಲಿ ಬೈಕ್ ಇಲ್ಲ, ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ನೇಪಾಳಕ್ಕೆ ಕಾರ್ನೆಟ್ ಬೇಡ. ಗಡಿಯಲ್ಲಿ ಭನ್ಸಾರ್, ಅಂದರೆ ಅಲ್ಲಿನ ಕಸ್ಟಮ್ಸ್ ಚೀಟಿ, ದಿನದ ಲೆಕ್ಕದಲ್ಲಿ ದುಡ್ಡು. ಎರಡು ದಿನ ಹೆಚ್ಚಿಗೇ ಬರೆಸಿ. ಗುಡ್ಡ ಕುಸಿದು ರಸ್ತೆ ಕಟ್ಟಿದರೆ ಅವಧಿ ಮುಗಿದ ಚೀಟಿಗೆ ದಂಡ ಬೀಳುತ್ತೆ. ಮೂಲ ಆರ್‌ಸಿ, ಲೈಸೆನ್ಸ್, ವಿಮೆ ಕೈಯಲ್ಲಿರಲಿ. ವಿಮೆಗೆ ಐಎಂಟಿ–1 ಅನ್ನೋ ಸೇರ್ಪಡೆ ಹಾಕಿಸಿ. ಅದಿಲ್ಲದೆ ನಿಮ್ಮ ಪಾಲಿಸಿ ಗಡಿಯ ಈಚೆಗೇ ನಿಲ್ಲುತ್ತೆ.

ಥಾಣೆ ಶೆಟ್ರು: ಗುಜರಾತ್ ದಾರಿಯನ್ನು ಅಷ್ಟು ಸುಲಭಕ್ಕೆ ಬಿಡ್ಬೇಡಿ ಮಾರಾಯ್ರೇ. ನಾವು ಥಾಣೆಯವ್ರು ಘೋಡ್‌ಬಂದರ್ ಹಿಡಿದ್ರೆ ಸೀದಾ ಹೆದ್ದಾರಿ 48ಕ್ಕೆ. ಮನೋರ್, ವಾಪಿ, ಮುಗೀತು.

ಬಾನೇರ್ ಬೆಳಗಾವ್ಕರ: ಶೆಟ್ರ, ಘೋಡ್‌ಬಂದರಿನ್ಯಾಗ ಗಾಯ್ಮುಖ ಏರಿಗಿ ಒಂದ್ ಲಾರಿ ಕೆಟ್ಟು ನಿಂತ್ರ ಎರಡ ತಾಸು ಅಲ್ಲೇ. ಭಿವಂಡಿ–ವಾಡಾ–ಮನೋರ್ ಚಲೋ.

ಥಾಣೆ ಶೆಟ್ರು: ವಾಡಾ ರಸ್ತೆಯಾ? ಅಲ್ಲಿ ಹೊಂಡದ ನಡುವೆ ರಸ್ತೆ ಹುಡುಕ್ಬೇಕು. ನೀವು ಪುಣೆಯಲ್ಲಿ ಕೂತು ನಮ್ಮ ದಾರಿ ಹೇಳ್ಬೇಡಿ.

ಬಾನೇರ್ ಬೆಳಗಾವ್ಕರ: ದಾರಿ ಏನ್ ನಿಮ್ಮ ಹೋಟೆಲ್ ಏನ್ರಿ?

ಏಜೆಂಟ್: ಸಾಮಾನು ಹೇರಿದ ಬೈಕಿಗೆ ವಾಡಾ ರಸ್ತೆ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ನೀರು ತುಂಬಿದ ಹೊಂಡದ ಆಳ ಕಾಣಲ್ಲ, ರಿಮ್ ಬಾಗುತ್ತೆ. ಘೋಡ್‌ಬಂದರ್ ಬೆಳಗಿನ ಜಾವ ದಾಟಿ. ಇಷ್ಟಕ್ಕೆ ನಿಲ್ಲಿಸಿ.

ಚಿಂಚವಾಡ ಮೇಷ್ಟ್ರು: ಸರ್, ಒಂದು ಸಂದೇಹ. ನನ್ನ ಗಾಡಿಗೆ ವಾರಂಟಿಯಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ ನಂಬರ್ ಇರೋ ಹೊರಕವಚ, ಬದಲಾಯಿಸಿಕೊಟ್ಟಿದ್ದಾರೆ. ಆರ್‌ಸಿಯಲ್ಲಿ ಹಳೇ ಎಂಜಿನ್ ನಂಬರೇ ಇದೆ. ಬ್ಯಾಂಕ್ ಸಾಲ ಇನ್ನೂ ಇದೆ. ಕಾರ್ನೆಟ್‌ಗೆ ಆರ್‌ಸಿ ನೋಡಿಯೇ ಅರ್ಜಿ ಹಾಕಿದ್ದೇನೆ, ದುಬೈ ಕಂಟೇನರ್ ತಿಂಗಳ ಕೊನೆಗೆ. ಏನಾದರೂ ತೊಂದರೆ ಆಗುತ್ತಾ?

ಏಜೆಂಟ್: ಮೇಷ್ಟ್ರೇ, ಬುಕ್ಕಿಂಗ್ ಅಲ್ಲಿಗೇ ನಿಲ್ಲಿಸಿ. ಇಲ್ಲಿ ಬಂದಿರೋದರಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ನಿಮ್ಮದೊಂದೇ.

ಕಾರ್ನೆಟ್‌ನ ಒಂದೊಂದು ಹಾಳೆಯಲ್ಲೂ ಮೂರು ತುಂಡು. ಕೆಳಗಿನದನ್ನು ಒಳಬರುವಾಗ ಆ ದೇಶದ ಕಸ್ಟಮ್ಸ್ ಹರಿದಿಟ್ಟುಕೊಳ್ಳುತ್ತೆ, ನಡುವಿನದನ್ನು ಹೊರಡುವಾಗ. ಮೇಲಿನ ತುಂಡು ಎರಡೂ ಮುದ್ರೆ ಹೊತ್ತು ನಿಮ್ಮ ಬಳಿ ಉಳಿಯುತ್ತೆ. ಗಾಡಿ ಅಲ್ಲಿ ಮಾರಿ ಬಂದಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ, ನಿಮ್ಮ ಠೇವಣಿ ವಾಪಸ್ ಬರೋದೂ ಅದರ ಮೇಲೆ. ಅದರಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಇರುತ್ತೆ. ಹೊರಡುವಾಗ ಅಧಿಕಾರಿ ಬರೀ ಚಾಸಿ ನೋಡಿ ಬಿಟ್ಟರು ಅಂದ್ಕೊಳ್ಳಿ. ಅದು ಅದೃಷ್ಟ ಅಲ್ಲ, ಗಂಡಾಂತರ. ವಾಪಸ್ ಬಂದಾಗ ಎಂಜಿನ್ನೂ ನೋಡ್ತಾರೆ. ಶಿಪ್ಪಿಂಗ್ ಬಿಲ್ಲಿನಲ್ಲಿ, ಅಂದರೆ ಹೊರಡುವಾಗ ಕಸ್ಟಮ್ಸ್‌ಗೆ ಕೊಟ್ಟ ಕಾಗದದಲ್ಲಿ ಒಂದು ನಂಬರ್, ಗಾಡಿಯಲ್ಲಿ ಇನ್ನೊಂದು. ಹೋದ ಗಾಡಿಯೇ ಬಂದಿದೆ ಅಂತ ನೀವು ಸಾಬೀತು ಮಾಡಬೇಕು, ಅಲ್ಲೀತನಕ ಯಾರ್ಡಿನ ಬಾಡಿಗೆ ದಿನಾ ಏರ್ತಾ ಇರುತ್ತೆ.

ಈಗ ಮಾಡಬೇಕಾದ್ದು. ಕ್ರ್ಯಾಂಕ್‌ಕೇಸ್ ಮೇಲೆ ನಂಬರ್ ಇರೋ ಜಾಗ ಹಳೇ ಹಲ್ಲುಜ್ಜೋ ಬ್ರಷ್ ಮತ್ತು ಡೀಸೆಲ್‌ನಿಂದ ತೊಳೆದು ಒರೆಸಿ. ಟಾರ್ಚನ್ನು ನೇರ ಹಿಡೀಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ; ಅಕ್ಷರದ ನೆರಳು ಬೀಳುತ್ತೆ, ಫೋಟೋ ಸ್ಪಷ್ಟ ಬರುತ್ತೆ. ಚಾಸಿ ನಂಬರಿಗೆ ತೆಳು ಕಾಗದ ಅಂಟಿಸಿ ಮೆತ್ತನೆ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀರಿ. ಫ್ರೇಮಿಗೆ ಮತ್ತೆ ಪೇಂಟ್ ಹೊಡೆಸಿದ್ದರೆ ಅಕ್ಷರದ ಗುಳಿಯಲ್ಲಿ ಬಣ್ಣ ಕೂತಿರುತ್ತೆ, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಬಿಡಿಸಿ. ಚಾಸಿ ನಂಬರಿನ 17 ಅಕ್ಷರದಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಯಾವತ್ತೂ ಬರಲ್ಲ. ಆರ್‌ಸಿಯಲ್ಲಿ ಓ ಕಂಡರೆ ಅದು ಸೊನ್ನೆ, ಟೈಪ್ ಮಾಡಿದವರ ತಪ್ಪು. ಅದನ್ನೂ ಇದರ ಜೊತೆಗೇ ಸರಿಮಾಡಿಸಿ.

ಹೊಸ ಕೇಸಿಗೆ ಕಂಪನಿಯದೇ ನಂಬರ್ ಇದ್ದರೆ ಡೀಲರ್‌ನಿಂದ ಜಾಬ್ ಕಾರ್ಡ್, ಬದಲಾಯಿಸಿದ ಪತ್ರ, ಬಿಲ್ ತಗೊಳ್ಳಿ. ಬ್ಯಾಂಕಿನ ಒಪ್ಪಿಗೆ ಪತ್ರ ಸೇರಿಸಿ ಆರ್‌ಟಿಓದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕೆಳಗೆ ಬದಲಾವಣೆ ನಮೂದು ಮಾಡಿಸಿ. ಗಾಡಿ ಹೊರದೇಶಕ್ಕೆ ಒಯ್ಯೋದಕ್ಕೆ ಬ್ಯಾಂಕಿನ ಎನ್‌ಓಸಿ ಬೇರೆಯೇ ಬೇಕು, ಎರಡನ್ನೂ ಒಂದೇ ಸಲ ಕೇಳಿ. ಮೊದಲು ಆರ್‌ಸಿ, ಆಮೇಲೆ ವಿಮೆ, ಆಮೇಲೆ ಕಾರ್ನೆಟ್. ಈ ಸರದಿ ತಪ್ಪಿಸಬೇಡಿ. ಕೇಸ್ ಮೇಲೆ ನಂಬರೇ ಇಲ್ಲದಿದ್ದರೆ ಏನೂ ಮಾಡದೆ ಫೋಟೋ ಕಳಿಸಿ.

ಕಾತ್ರಜ ರಾಯರು: ಇಷ್ಟೆಲ್ಲ ಯಾಕೆ? ಹಳೇ ನಂಬರನ್ನೇ ಹೊಸ ಕೇಸ್ ಮೇಲೆ ಪಂಚ್ ಹೊಡೆಸಿದರಾಯ್ತು. ಅರ್ಧ ಗಂಟೆ ಕೆಲಸ, ಹೊಡೆಯೋರು ಸಿಗ್ತಾರೆ.

ಏಜೆಂಟ್: ರಾಯರೇ, ಕದ್ದ ಗಾಡಿಗೆ ಮಾಡೋ ಕೆಲಸ ಅದು. ಕಂಪನಿ ಹೊಡೆದ ಅಕ್ಷರದ ಆಕಾರ, ಆಳ, ಅಂತರ ಒಂದೇ ಸಮ ಇರುತ್ತೆ. ಸುತ್ತಿಗೆಯಲ್ಲಿ ಹೊಡೆದದ್ದು ಬರಿಗಣ್ಣಿಗೇ ಗೊತ್ತಾಗುತ್ತೆ. ಆಮೇಲೆ ಅದು ಕಸ್ಟಮ್ಸ್ ವಿಷಯವಾಗಿ ಉಳಿಯಲ್ಲ, ಪೊಲೀಸ್ ವಿಷಯ. ಮೇಷ್ಟ್ರಿಗೆ ಇಂಥದ್ದು ಹೇಳಬೇಡಿ.

ಕಾತ್ರಜ ರಾಯರು: ಹೇಳಿದ್ದಕ್ಕೆ ಇಷ್ಟು ಸಿಟ್ಟಾ. ಸರಿ ಬಿಡಿ.

ಮಡಗಾಂವ್: ಗೋವಾದಿಂದ ಬಂದರಿಗೆ 66 ಹಿಡಿಯಲಾ ಅಥವಾ ಬೆಳಗಾವಿ, ಕೊಲ್ಹಾಪುರ ಮೇಲೆ ಬರಲಾ? ಜೊತೆಗೆ ಹೆಂಡತಿ ಇರ್ತಾಳೆ, ಅವಳ ವೀಸಾಕ್ಕೆ ಬೇರೆ ಏನಾದರೂ ಬೇಕಾ?

ಏಜೆಂಟ್: 66 ಹತ್ತಿರ, ಆದರೆ ಮಾಣಗಾಂವ್ ಪೇಟೆಯಲ್ಲಿ ಸಿಕ್ಕಿಬೀಳ್ತೀರಿ. ಶುಕ್ರವಾರ ಸಂಜೆ, ಭಾನುವಾರ ಸಂಜೆ ಬಿಟ್ಟು ಬನ್ನಿ. ಮಳೆಗಾಲವಾದರೆ ಬೆಳಗಾವಿ, ಕೊಲ್ಹಾಪುರ ಮೇಲಿನ 48.

ಕಲ್ಯಾಣ್: ಅಟಲ್ ಸೇತು ಮೇಲೆ ಬೆಳಿಗ್ಗೆ ಐದಕ್ಕೆ ಬೈಕ್ ಬಿಡ್ತಾರಂತೆ?

ಏಜೆಂಟ್: ಬಿಡಲ್ಲ.

ಪಿಂಪ್ರಿ ಹುಬ್ಬಳ್ಳಿಗ: ನನ್ನ ಲೈಸೆನ್ಸ್ ಹುಬ್ಬಳ್ಳಿದು, ಇರೂದು ಪಿಂಪ್ರಿಯೊಳಗ. ಇಂಟರ್‌ನ್ಯಾಷನಲ್ ಲೈಸೆನ್ಸಿಗೆ ಯಾವ ಆರ್‌ಟಿಓಕ್ಕ ಹೋಗ್ಬೇಕ್ರಿ? ಗಾಡಿನೂ ಕೆಎ ನಂಬರ್ ಐತಿ.

ಥಾಣೆ ಶೆಟ್ರು: ಮೊದ್ಲು ಎಂಎಚ್ ನಂಬರ್ ಮಾಡ್ಸಿ. 12 ತಿಂಗಳು ದಾಟಿದ್ರೆ ಕಾಯ್ದೆ ಪ್ರಕಾರ ಮಾಡಿಸ್ಲೇ ಬೇಕು.

ಬಾನೇರ್ ಬೆಳಗಾವ್ಕರ: ಕಾಯ್ದೆ ಹೇಳಾಕ ಬಂದ್ರು ನೋಡ್ರಿ. ಕೆಎ ನಂಬರ್ ತಗದ್ರ ಏನ್ ಉಳಿತೈತಿ ನಮಗ?

ಥಾಣೆ ಶೆಟ್ರು: ದಂಡದ ರಸೀದಿ ಉಳೀತದೆ ಮಾರಾಯ್ರೇ.

ಏಜೆಂಟ್: ನಂಬರ್ ಬದಲಾಯಿಸೋದಿದ್ದರೆ ಕಾರ್ನೆಟ್‌ಗೆ ಮೊದಲು, ಇಲ್ಲವೇ ವಾಪಸ್ ಬಂದು ಠೇವಣಿ ಕೈಗೆ ಬಂದ ಮೇಲೆ. ನಡುವೆ ಬೇಡ. ಕಾರ್ನೆಟ್‌ನಲ್ಲಿರೋ ನಂಬರ್ ಗಾಡಿ ಮೇಲಿಲ್ಲ ಅಂದರೆ ಮೇಷ್ಟ್ರ ಕಥೆಯೇ.

ಕೋಥ್ರೂಡ್ ಕಾಮತ್: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: ‘ಹಡಗಿನಲ್ಲಿ ಬೈಕ್ ಕಳಿಸುವಾಗ ಕ್ರೇಟ್ ಒಳಗೆ 100 ಗ್ರಾಂ ಕರ್ಪೂರ, ನಾಲ್ಕು ನುಸಿಗುಳಿಗೆ ಪೊಟ್ಟಣ ಇಡಿ. ಇಲಿ ವೈರ್ ಕಡಿಯಲ್ಲ, ತೇವ ಹಿಡಿಯಲ್ಲ. ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿನ ಹಾಕಿ. ಜುಲೈಯಿಂದ ಹೆದ್ದಾರಿಯಲ್ಲಿ ಬೈಕಿಗೂ ಟೋಲ್.’

ಏಜೆಂಟ್: ಇದನ್ನು ಬರೆದವರು ಒಂದು ಕ್ರೇಟೂ ಕಟ್ಟಿಲ್ಲ. ಕರ್ಪೂರ, ನುಸಿಗುಳಿಗೆ ಎರಡೂ ಸಾಗಣೆ ನಿಯಮದಲ್ಲಿ ಬೆಂಕಿ ಹಿಡಿಯುವ ಘನವಸ್ತು, ವರ್ಗ 4.1. ಅಪಾಯದ ಸರಕಿನ ಪಟ್ಟಿಯಲ್ಲಿ ಕರ್ಪೂರದ ನಂಬರ್ ಯುಎನ್ 2717, ನುಸಿಗುಳಿಗೆಯ ನ್ಯಾಫ್ತಲಿನ್‌ದು ಯುಎನ್ 1334. ಹೇಳದೆ ಇಟ್ಟರೆ ಅಪಾಯದ ಸರಕು ಮುಚ್ಚಿಟ್ಟ ಹಾಗೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ವಾಸನೆ ತೆರೆದ ಕೂಡಲೇ ಮುಖಕ್ಕೆ ಹೊಡೆಯುತ್ತೆ, ಬಚ್ಚಿಡೋಕೂ ಆಗಲ್ಲ. ತೇವಕ್ಕೆ ಸಿಲಿಕಾ ಜೆಲ್ ಚೀಲ ಇಡಿ. ಚೈನ್ ಸ್ಪ್ರೇ, ಪಂಕ್ಚರ್ ಸ್ಪ್ರೇ, ಕ್ಯಾಂಪಿಂಗ್ ಗ್ಯಾಸ್, ಪವರ್ ಬ್ಯಾಂಕ್ ಕೂಡ ಕ್ರೇಟಿನೊಳಗೆ ಬೇಡ.

ಅರಿಶಿನ ಇರೋದು ಅಡುಗೆಗೆ. ಬೈಕಿನ ರೇಡಿಯೇಟರ್ ನಳಿಗೆ ಸಣ್ಣವು. ಸೋರಿಕೆ ನಿಲ್ಲೋ ಮೊದಲು ಅವೇ ಕಟ್ಟಿಕೊಳ್ತವೆ, ಎಂಜಿನ್ ಕಾಯುತ್ತೆ. ಪೂರ್ತಿ ತಣಿದ ಮೇಲೆ ಜಾಗ ಒಣಗಿಸಿ ಎಂ–ಸೀಲ್ ಹಚ್ಚಿ, ಮೆಕ್ಯಾನಿಕ್ ತನಕ ಮುಟ್ಟಿ. ಟೋಲ್ ಸುಳ್ಳು ಸುದ್ದಿ, 2025ರಲ್ಲೇ ಸರ್ಕಾರ ಅಲ್ಲಗಳೆದಿದೆ.

ಕೋಥ್ರೂಡ್ ಕಾಮತ್: ನಾನು ಬರೆದಿದ್ದಲ್ಲ ಸರ್, ಬಂದಿದ್ದು ಹಾಕಿದೆ ಅಷ್ಟೆ.

ಏಜೆಂಟ್: ಅದೇ ತೊಂದರೆ.

ವಾಕಡ್‌ವಾಸಿ: ವಿಮಾನದಲ್ಲಿ ಕಳಿಸಿದರೆ ಬೇಗ ಅಂತಾರೆ. ಕ್ರೇಟ್ ಎಷ್ಟು ದೊಡ್ಡದಿರಬೇಕು?

ಏಜೆಂಟ್: ಬೇಗ ಹೌದು, ಆದರೆ ಅಲ್ಲಿ ಜಾಗಕ್ಕೆ ದುಡ್ಡು. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ. ಬೈಕ್ ಇದ್ದ ಹಾಗೇ ಇಟ್ಟರೆ 220×80×110, ಅಂದರೆ ಸುಮಾರು 323 ಕೆ.ಜಿ. ಮುಂದಿನ ಚಕ್ರ, ಕನ್ನಡಿ, ಗಾಜು ಬಿಚ್ಚಿ ಹ್ಯಾಂಡಲ್ ಇಳಿಸಿದರೆ 190×70×105, ಸುಮಾರು 233. ನಿಜ ತೂಕ, ಈ ಲೆಕ್ಕ, ಎರಡರಲ್ಲಿ ಹೆಚ್ಚಿರೋದಕ್ಕೆ ದುಡ್ಡು ಕೊಡಬೇಕು. ಗಾಡಿ, ಕ್ರೇಟು ಸೇರಿ 250 ತೂಗಿದರೆ ಅದಕ್ಕಿಂತ ಬಿಚ್ಚಿ ಪ್ರಯೋಜನ ಇಲ್ಲ. ಪೆಟ್ರೋಲ್ ಆದಷ್ಟೂ ಖಾಲಿ ಮಾಡಿ, ಕಾಲು ಟ್ಯಾಂಕ್ ದಾಟಲೇಬಾರದು. ಬ್ಯಾಟರಿ ತಂತಿ ಬಿಚ್ಚಿ ತುದಿಗೆ ಟೇಪ್ ಸುತ್ತಿ. ಮರದ ಮೇಲೆ ಐಎಸ್‌ಪಿಎಂ–15 ಮುದ್ರೆ ಇರಬೇಕು, ಅಂದರೆ ಕಾಯಿಸಿ ಹುಳ ಕೊಂದ ಮರ. ಪಟ್ಟಿ ಬಿಗಿಯುವಾಗ ಮುಂದಿನ ಫೋರ್ಕ್ ಪೂರ್ತಿ ಕೂರಿಸಬೇಡಿ, ಮೂರರಲ್ಲೊಂದು ಪಾಲು ಸಾಕು. ವಾರಗಟ್ಟಲೆ ಒತ್ತಿಟ್ಟರೆ ಸೀಲ್ ಸೋರುತ್ತೆ.

ಪಿಂಪ್ರಿ ಹುಬ್ಬಳ್ಳಿಗ: ನನ್ನ ಲೈಸೆನ್ಸ್ ಪ್ರಶ್ನಿ ಹಂಗ ಉಳೀತ್ರಿ.

ಐರೋಲಿ: ಒಟ್ಟು ಖರ್ಚು ಎಷ್ಟು ಅಂತ ಒಂದೇ ಸಾಲಲ್ಲಿ ಹೇಳಿ ಸರ್. ಹಾಗೇ ಅಟಲ್ ಸೇತು

ಅಡ್ಮಿನ್: ಐರೋಲಿಯವರೇ, ಸೇತುವೆ ವಿಷಯ ಮೇಲೆ ಎರಡು ಸಲ ಬಂದಿದೆ. ಓದೋಕೆ ಏನು ಕಷ್ಟ?

ಚಿಂಚವಾಡ ಮೇಷ್ಟ್ರು: ಸರ್, ನೀವು ಹೇಳಿದ ಹಾಗೆ ಓರೆ ಬೆಳಕಿನಲ್ಲಿ ಫೋಟೋ ತೆಗೆದೆ. ಕೇಸ್ ಮೇಲೆ ಕಂಪನಿ ನಂಬರ್ ಇದೆ, ಆರ್‌ಸಿಯದಕ್ಕಿಂತ ಕೊನೆಯ ಐದು ಅಂಕಿ ಬೇರೆ. ಚಾಸಿ ಪ್ರಿಂಟಿನಲ್ಲಿ ಸೊನ್ನೆ ಇರೋ ಕಡೆ ಆರ್‌ಸಿಯಲ್ಲಿ ಓ ಇದೆ.

ಏಜೆಂಟ್: ಹಾಗಾದರೆ ಎರಡು ತಿದ್ದುಪಡಿ, ಅರ್ಜಿ ಒಟ್ಟಿಗೇ ಕೊಡಿ. ಪೆನ್ಸಿಲ್ ಪ್ರಿಂಟ್ ಮಡಚಬೇಡಿ, ಮೇಲೆ ಸೆಲ್ಲೋಟೇಪ್ ಹಚ್ಚಿಡಿ, ಇಲ್ಲದಿದ್ದರೆ ಆರ್‌ಟಿಓ ಸಾಲಿನಲ್ಲಿ ನಿಲ್ಲೋಷ್ಟರಲ್ಲಿ ಅಳಿಸಿಹೋಗುತ್ತೆ. ಕಂಟೇನರ್ ಜಾಗ ಇವತ್ತೇ ಬಿಟ್ಟುಕೊಡಿ. ಹೊಸ ಆರ್‌ಸಿ ಕೈಗೆ ಬಂದ ದಿನ ಫೋನ್ ಮಾಡಿ, ಅದಕ್ಕೂ ಮುಂಚೆ ಬೇಡ.