ಬಫರ್ ದ್ರಾವಣ ಪಿಎಚ್ ಬದಲಾವಣೆಯನ್ನು ‘ತಡೆಯುತ್ತದೆ’ ಎನ್ನಬಹುದೇ?

ಮಾನ್ಯರೇ,

ಪದವಿಪೂರ್ವ ತರಗತಿಯ ಮಕ್ಕಳಿಗಾಗಿ ರಸಾಯನಶಾಸ್ತ್ರದ ಪ್ರಯೋಗಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಫರ್ ದ್ರಾವಣವನ್ನು, ಅಂದರೆ ಸ್ವಲ್ಪ ಆಮ್ಲ ಅಥವಾ ಕ್ಷಾರ ಬಿದ್ದರೂ ಪಿಎಚ್ (ಆಮ್ಲೀಯತೆ, ಕ್ಷಾರೀಯತೆಗಳ ಅಳತೆ) ಹೆಚ್ಚು ಬದಲಾಗದ ದ್ರಾವಣವನ್ನು, ತಯಾರಿಸಿ ಪರೀಕ್ಷಿಸುವ ಪ್ರಯೋಗಕ್ಕೆ ಬಂದಾಗ ಬರವಣಿಗೆ ನಿಂತುಹೋಯಿತು. ದ್ರಾವಣಕ್ಕೆ ಯಾವ ಹೆಸರು, ಅದು ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದ, ಆ ಕೆಲಸದ ಅಳತೆಯನ್ನು ಏನೆಂದು ಕರೆಯಬೇಕು ಎಂಬ ಮೂರು ವಿಷಯಗಳಲ್ಲಿ ನನಗೆ ನಿಮ್ಮ ಸಲಹೆ ಬೇಕಾಗಿದೆ.

ನಾವು ಆರಿಸುವ ಪದ ಬೀಕರಿನಲ್ಲಿ ನಡೆಯುವ ಸಂಗತಿಗೆ ಒಪ್ಪಬೇಕಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. 0.1 ಮೋಲಾರ್ ಅಸಿಟಿಕ್ ಆಮ್ಲವನ್ನೂ ಅಷ್ಟೇ ಪ್ರಬಲತೆಯ ಸೋಡಿಯಂ ಅಸಿಟೇಟ್ ದ್ರಾವಣವನ್ನೂ 50 ಮಿ.ಲೀ.ನಂತೆ ಬೆರೆಸಿದರೆ ಸುಮಾರು 4.76 ಪಿಎಚ್ ಇರುವ ಬಫರ್ ಸಿಗುತ್ತದೆ. ಇದಕ್ಕೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು 1 ಮಿ.ಲೀ. ಹಾಕಿದರೆ, ಲೆಕ್ಕದ ಪ್ರಕಾರ, ಪಿಎಚ್ 4.74ಕ್ಕೆ ಇಳಿಯುತ್ತದೆ. ಅಷ್ಟೇ ಆಮ್ಲವನ್ನು 100 ಮಿ.ಲೀ. ಶುದ್ಧ ನೀರಿಗೆ ಹಾಕಿದರೆ ಪಿಎಚ್ 7ರಿಂದ 3ರ ಹತ್ತಿರಕ್ಕೆ ಕುಸಿಯುತ್ತದೆ. ಬಫರಿನಲ್ಲಿ ಹೊಸದಾಗಿ ಬಂದ ಹೈಡ್ರೋಜನ್ ಅಯಾನುಗಳನ್ನು ಅಸಿಟೇಟ್ ಅಯಾನುಗಳು ಹಿಡಿದುಕೊಂಡು ಅಸಿಟಿಕ್ ಆಮ್ಲವಾಗುತ್ತವೆ. ಕ್ಷಾರವನ್ನು ಹಾಕಿದಾಗ ಅಸಿಟಿಕ್ ಆಮ್ಲವೇ ಮುಂದೆ ಬಂದು ಹೈಡ್ರಾಕ್ಸೈಡ್ ಅಯಾನುಗಳನ್ನು ನೀರಾಗಿಸುತ್ತದೆ.

ಹೆಸರಿನ ವಿಷಯಕ್ಕೆ ಬಂದರೆ, ಕೆಲವರು ಪಾಠ ಹೇಳುವಾಗ ‘ತಟಸ್ಥಕಾರಿ ದ್ರಾವಣ’ ಎನ್ನುವುದನ್ನು ಕೇಳಿದ್ದೇನೆ. ಇದನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇರುವುದನ್ನು ತಟಸ್ಥ ಎಂದು ಕಲಿತ ವಿದ್ಯಾರ್ಥಿ, 4.76 ಇರುವ ಈ ದ್ರಾವಣವೂ ತಟಸ್ಥವೆಂದು ತಿಳಿಯುವುದು ಸಹಜ. ಪಿಎಚ್ ಮಾಪಕವನ್ನು ಸರಿಹೊಂದಿಸಲು ಬಳಸುವ 4, 7 ಮತ್ತು 9.2ರ ಬಫರುಗಳಲ್ಲಿ ತಟಸ್ಥವಾದದ್ದು ಒಂದೇ. ‘ಸಮತೋಲಕ’ ಎಂದರೆ ರಾಸಾಯನಿಕ ಸಮತೋಲನದೊಂದಿಗೆ ಗೊಂದಲವಾಗುತ್ತದೆ. ಪತ್ರಿಕೆಗಳಲ್ಲಿ ಬೇಳೆಕಾಳು, ಈರುಳ್ಳಿಗಳ ಸಂಗ್ರಹಕ್ಕೆ ‘ಕಾಪು ದಾಸ್ತಾನು’ ಎಂಬ ಚೆಂದದ ಮಾತು ಬಳಕೆಯಲ್ಲಿದೆ. ಬೆಲೆ ಏರಿದಾಗ ದಾಸ್ತಾನಿನಿಂದ ಮಾರುಕಟ್ಟೆಗೆ ಬಿಡುವುದು, ಇಳಿದಾಗ ಕೊಂಡು ಇರಿಸಿಕೊಳ್ಳುವುದು, ಹೀಗೆ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ಆ ವ್ಯವಸ್ಥೆಗೂ ಆಮ್ಲಕ್ಕೊಂದು, ಕ್ಷಾರಕ್ಕೊಂದು ಎಂದು ಎರಡು ಘಟಕಗಳನ್ನು ಕೂಡಿಟ್ಟುಕೊಂಡಿರುವ ಈ ದ್ರಾವಣಕ್ಕೂ ನಿಜವಾದ ಹೋಲಿಕೆಯಿದೆ. ಆದ್ದರಿಂದ ‘ಕಾಪು ದ್ರಾವಣ’ ಎಂಬುದು ನನ್ನ ಮನಸ್ಸಿಗೆ ಹತ್ತಿರವಾಗಿದೆ. ಆದರೂ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಇರುವುದು ‘ಬಫರ್’ ಎಂಬ ಪದವೇ, ಸೀಸೆಯ ಚೀಟಿಯಲ್ಲಿರುವುದೂ ಅದೇ; ರೈಲುಬೋಗಿಗಳ ತುದಿಯಲ್ಲಿ ಹೊಡೆತವನ್ನು ನುಂಗುವ ಸಾಧನವಾಗಿಯೂ ಆ ಪದ ನಮಗೆ ಪರಿಚಿತ. ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ನನಗೆ ತಕರಾರಿಲ್ಲ.

ನನ್ನ ಮುಖ್ಯ ಚಿಂತೆ ಕ್ರಿಯಾಪದದ್ದು. ‘ಬಫರ್ ದ್ರಾವಣವು ಪಿಎಚ್ ಬದಲಾವಣೆಯನ್ನು ತಡೆಯುತ್ತದೆ’ ಎಂಬ ವಾಕ್ಯವನ್ನು ನಾನೇ ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದೇನೆ. ತಡೆಯುವುದೆಂದರೆ ಆಗಗೊಡದಿರುವುದು. ಪ್ರಯೋಗದಲ್ಲಿ ಪಿಎಚ್ 0.02ರಷ್ಟಾದರೂ ಇಳಿದದ್ದನ್ನು ಕಂಡ ವಿದ್ಯಾರ್ಥಿನಿಯೊಬ್ಬಳು ತನ್ನ ದ್ರಾವಣ ಕೆಟ್ಟಿದೆಯೆಂದು ಭಾವಿಸಿ ಮತ್ತೆ ತಯಾರಿಸಲು ಹೊರಟಿದ್ದಳು. ತಪ್ಪು ಅವಳದಲ್ಲ, ನನ್ನ ವಾಕ್ಯದ್ದು. ‘ವಿರೋಧಿಸುತ್ತದೆ’ ಎಂಬುದು ಮನುಷ್ಯರಿಗೆ ಹೊಂದುವಷ್ಟು ದ್ರಾವಣಕ್ಕೆ ಹೊಂದದು. ಆದರೆ ‘ತಡೆದುಕೊಳ್ಳು’, ‘ತಾಳಿಕೊಳ್ಳು’ ಎಂಬ ರೂಪಗಳಲ್ಲಿ ಹೊಡೆತ ಬೀಳುತ್ತದೆ ಎಂಬುದೂ ಅದನ್ನು ಒಂದು ಮಿತಿಯವರೆಗೆ ಸಹಿಸಬಹುದು ಎಂಬುದೂ ಒಟ್ಟಿಗೇ ಅಡಗಿವೆ. ಹೀಗಾಗಿ ‘ಆಮ್ಲ ಅಥವಾ ಕ್ಷಾರವನ್ನು ಸ್ವಲ್ಪ ಪ್ರಮಾಣದಲ್ಲಿ ಸೇರಿಸಿದರೆ, ತನ್ನ ಪಿಎಚ್ ಹೆಚ್ಚು ಬದಲಾಗದಂತೆ ಬಫರ್ ದ್ರಾವಣವು ತಾಳಿಕೊಳ್ಳುತ್ತದೆ’ ಎಂದು ತಿದ್ದಿಕೊಂಡಿದ್ದೇನೆ. ಇಲ್ಲಿ ‘ಸ್ವಲ್ಪ’ ಎಂಬ ಪದವನ್ನು ಬಿಡುವಂತಿಲ್ಲ.

ಆ ಮಿತಿಯೇ ಮೂರನೆಯ ಪ್ರಶ್ನೆ. ಮೇಲಿನ ಬಫರನ್ನು ಹತ್ತರಷ್ಟು ತೆಳುಗೊಳಿಸಿದರೂ ಅದರ ಪಿಎಚ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ; ಆದರೆ ಹಾಗೆ ತೆಳುಗೊಳಿಸಿದ್ದರಲ್ಲಿ 100 ಮಿ.ಲೀ. ತೆಗೆದುಕೊಂಡು ಅದೇ 1 ಮಿ.ಲೀ. ಆಮ್ಲವನ್ನು ಹಾಕಿದಾಗ ಪಿಎಚ್ 4.58ರವರೆಗೆ ಇಳಿಯುತ್ತದೆ. ಹಾಗಾದರೆ ಕಡಿಮೆಯಾದದ್ದು ಏನು? ‘ಸಾಮರ್ಥ್ಯ’ ಎಂದರೆ ಪ್ರಬಲತೆಯೆಂದೂ, ‘ಧಾರಣಶಕ್ತಿ’ ಎಂದರೆ ಪಾತ್ರೆ ಹಿಡಿಯುವ ಪ್ರಮಾಣವೆಂದೂ ಮಕ್ಕಳು ತಿಳಿಯುತ್ತಾರೆ. ‘ತಾಳಿಕೆ’ ಎಂಬುದು ನನಗೆ ಹಿಡಿಸಿದೆಯಾದರೂ, ‘ಬಾಳಿಕೆ’ಯ ಪಕ್ಕದ ಪದವಾದ್ದರಿಂದ, ದ್ರಾವಣ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬ ಅರ್ಥ ಬಂದೀತೆಂಬ ಅಳುಕಿದೆ. ‘ತಾಳುಮಿತಿ’ ಎನ್ನಬಹುದೇ?

ಕೃಷಿಯ ಬರಹಗಳಲ್ಲಿ ಪಿಎಚ್‌ಗೆ ‘ರಸಸಾರ’ ಎಂಬ ಪದ ಚೆನ್ನಾಗಿ ನೆಲೆಯೂರಿರುವುದರಿಂದ ಅಲ್ಲಿಯೂ ಹುಡುಕಬೇಕೆನಿಸುತ್ತಿದೆ. ರಸಸಾರ ಒಂದೇ ಆಗಿರುವ ಎರಡು ಹುಳಿ ಮಣ್ಣುಗಳಲ್ಲಿ, ಜೇಡಿ ಮತ್ತು ಸಾವಯವ ಅಂಶ ಹೆಚ್ಚಿರುವ ಮಣ್ಣಿಗೆ ಮರಳು ಮಣ್ಣಿಗಿಂತ ಹೆಚ್ಚು ಸುಣ್ಣ ಬೇಕಾಗುತ್ತದೆ; ಇದೂ ಬಫರ್ ಗುಣವೇ. ಸುಣ್ಣ ಹಾಕಿದರೂ ಬೇಗ ಬದಲಾಗದ ಇಂಥ ಮಣ್ಣಿನ ಗುಣಕ್ಕೆ ಮಲೆನಾಡು, ಕರಾವಳಿಯ ಬೇಸಾಯಗಾರರ ಮಾತಿನಲ್ಲಿ ಹೆಸರಿದೆಯೇ? ಬಲ್ಲವರು ತಿಳಿಸಿದರೆ, ‘ತಾಳುಮಿತಿ’ಯನ್ನು ಬದಿಗಿಟ್ಟು ಅದನ್ನೇ ಬಳಸುತ್ತೇನೆ.